ಫೀಸು ಕಟ್ಟುವ ಧನರಾಜ

ಪೆರ್ಲದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಧನರಾಜನಿಗೆ ಬೇರೆಯವರ ಖರ್ಚು ತಾನು ಕೊಡುವುದೆಂದರೆ ಹಬ್ಬ. ಬಸ್ಸು ಹತ್ತಿದರೆ ಪಕ್ಕದವರ ಟಿಕೆಟ್ಟೂ ಅವನದೇ. ಹೋಟೆಲಿನಲ್ಲಿ ಕೈತೊಳೆಯುವ ನೆಪದಿಂದ ಎದ್ದು ಎಲ್ಲರ ಚಹಾದ ದುಡ್ಡು ಕೊಟ್ಟು ಬರುತ್ತಾನೆ. ಈಚೆಗೆ ಈ ಚಾಳಿ ಬ್ಯಾಂಕಿಲ್ಲದೆ ಫೋನಿನಿಂದಲೇ ಡಿಜಿಟಲ್ ಹಣ ಕಳಿಸುವ ಬ್ಲಾಕ್‌ಚೈನಿಗೂ ಹತ್ತಿದೆ. ಹಣ ಕಳಿಸಿದವರ ಹೆಸರನ್ನೂ ಮೊತ್ತವನ್ನೂ ಮರೆಮಾಡುವ ಜಾಲವೊಂದನ್ನು ಅವನು ಊರಿಗೆ ಪರಿಚಯಿಸಿದ್ದಾನೆ. ಆದರೆ ಪ್ರತಿ ಸಲ ಕಳಿಸುವಾಗಲೂ ಸಣ್ಣದೊಂದು ಫೀಸು ಕಟ್ಟಬೇಕು; ಅದನ್ನು ಎಲ್ಲರಿಗೂ ಕಾಣುವ ಸ್ವಂತ ಖಾತೆಯಿಂದ ಕಟ್ಟಿದರೆ ಗುಟ್ಟು ರಟ್ಟು. “ಬಾಗಿಲು ಹಾಕಿ ಒಳಗೆ ಕೂತು ಎಂತ ಪ್ರಯೋಜನ ಅಕ್ಕ, ಚಪ್ಪಲಿ ಹೊರಗೆ ಬಿಟ್ಟರೆ? ಫೀಸು ನಾನು ಕಟ್ಟುತ್ತೇನೆ. ಕಾಣುವುದಾದರೆ ನನ್ನ ಚಪ್ಪಲಿ ಕಾಣಲಿ,” ಎಂದು ಹಣ ಕಳಿಸಲು ಅಂಗಡಿಗೆ ಬರುವ ದಮಯಂತಿಯಕ್ಕನಿಗೆ ಹೇಳಿ ನಗುತ್ತಾನೆ. ಮನೆಯವರ ಮಾತು ಮೀರಿ ಮದುವೆಯಾಗಿ ದುಬೈ ಸೇರಿದ ಮಗಳಿಗೆ ದಮಯಂತಿಯಕ್ಕ ಗಂಡನಿಗೆ ತಿಳಿಯದಂತೆ ಆಗಾಗ ದುಡ್ಡು ಕಳಿಸುತ್ತಾರೆ. ಮಗಳ ಹೆಸರೆತ್ತಬಾರದೆಂದು ಆ ಮನೆಯಲ್ಲಿ ಕಟ್ಟಪ್ಪಣೆ. ಕಳೆದ ವಾರ, ಆ ಅಪ್ಪಣೆ ಮಾಡಿದ ಗಂಡ ಮಹಾಬಲಣ್ಣನೇ ಅಂಗಡಿಗೆ ಬಂದು ಶಟರ್ ಅರ್ಧ ಎಳೆಯಲು ಹೇಳಿದರು. “ಮಗಳಿಗೆ ಹೆರಿಗೆ ಹತ್ತಿರ ಬಂತಂತೆ ಮಾರಾಯ. ಸ್ವಲ್ಪ ಕಳಿಸಬೇಕಿತ್ತು. ಮನೆಯಲ್ಲಿ ದಮಯಂತಿಗೆ ಗೊತ್ತಾಗಬಾರದು. ಫೀಸು ನೀನೇ ಕಟ್ಟುತ್ತೀಯಂತೆ ಅಲ್ವಾ?” ಧನರಾಜ ಫೋನು ಕೈಗೆತ್ತಿಕೊಂಡ, ಅವರ ಮುಖ ನೋಡಿದ, ಮತ್ತೆ ಮೇಜಿನ ಮೇಲಿಟ್ಟ. “ನಿಮ್ಮದಕ್ಕೆ ಕಟ್ಟುವುದಿಲ್ಲ ಮಹಾಬಲಣ್ಣ. ಮೊದಲು ಮನೆಗೆ ಹೋಗಿ, ದಮಯಂತಿಯಕ್ಕನ ಎದುರು ಮಗಳ ಹೆಸರು ಒಂದು ಸಲ ಹೇಳಿ.”