ನ್ಯೂ ಪಾಲ್ಟ್ಸ್‌ಗೆ ನಾಲ್ವರೂ ಹೋದ ಕೊನೆಯ ಸಲ

“ನವೆಂಬರ್‌ನಿಂದ ಅಫ್ರೀನ್ ನಿಮ್ಮ ಮಗು ಅಲ್ಲ” ಎಂದು ವಕೀಲೆ ಹೇಳಿದಾಗ ನನಗೆ ನಗು ಬಂತು. ಹದಿನೇಳು ವರ್ಷ ಅಮೆರಿಕದಲ್ಲಿದ್ದರೂ ಇಂಗ್ಲಿಷ್ ಒಮ್ಮೊಮ್ಮೆ ಕೈಕೊಡುತ್ತದೆ. ಇದೂ ಹಾಗೇ ಇರಬೇಕೆಂದುಕೊಂಡೆ. ಪಕ್ಕದಲ್ಲಿ ಕುಳಿತಿದ್ದ ನನ್ನ ಗಂಡ ಇಲ್ಯಾಸ್ ನಗಲಿಲ್ಲ.

ವಕೀಲೆ ಬಿಡಿಸಿ ಹೇಳಿದರು. ಇಲ್ಯಾಸ್ ಇಲ್ಲಿರುವುದು ಕೆಲಸದ ವೀಸಾದ ಮೇಲೆ. ನಾನು ಮತ್ತು ದೊಡ್ಡ ಮಗಳು ಅಫ್ರೀನ್ ಅವರ ಅವಲಂಬಿತರು. ಮಕ್ಕಳಿಗೆ ಆ ಅವಲಂಬನೆ ಇಪ್ಪತ್ತೊಂದು ತುಂಬುವವರೆಗೆ ಮಾತ್ರ. ಆಮೇಲೆ ‘ಏಜ್ ಔಟ್’, ಅಂದರೆ ವಯಸ್ಸು ಮೀರಿ ಹೊರಬೀಳುವುದು. ಅಷ್ಟರೊಳಗೆ ಗ್ರೀನ್ ಕಾರ್ಡ್ ಬಂದರೆ ಕಾಯಂ ವಾಸದ ಹಕ್ಕು ಅವಳಿಗೂ ಸಿಗುತ್ತದೆ. ಆದರೆ ಆ ಸರದಿಯಲ್ಲಿ ನಮ್ಮ ಮುಂದೆ ಎಷ್ಟು ಜನ ನಿಂತಿದ್ದರೆಂದರೆ, ಅವಳ ಕೂದಲು ನರೆಯುವ ಹೊತ್ತಿಗೂ ನಮ್ಮ ಹೆಸರು ಬರುವ ಲಕ್ಷಣವಿರಲಿಲ್ಲ. ಉಳಿದಿದ್ದು ವಿದ್ಯಾರ್ಥಿ ವೀಸಾ. ಅದಕ್ಕೆ ಅರ್ಜಿ ಹಾಕಿದೆವು. ಓದು ಮುಗಿದ ಮೇಲೆ ಸ್ವಂತ ದೇಶಕ್ಕೆ, ಅಲ್ಲಿರುವ ಮನೆಗೆ ಮರಳುತ್ತೇನೆಂದು ಅವಳು ತೋರಿಸಿಕೊಡಬೇಕಿತ್ತು. ಮೂರು ವರ್ಷಕ್ಕೆ ಮೈಸೂರು ಬಿಟ್ಟ ಹುಡುಗಿ ಯಾವ ಮನೆಯನ್ನು ತೋರಿಸಬೇಕು?

ಚಿಕ್ಕವಳು ಹಿಬಾಗೆ ಆಗ ಹತ್ತು ವರ್ಷ. ಇಲ್ಲೇ ಹುಟ್ಟಿದವಳಾದ್ದರಿಂದ ಅವಳು ಈ ದೇಶದ ಪ್ರಜೆ. ಅಕ್ಕತಂಗಿಯರು ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಒಬ್ಬಳನ್ನು ಇಲ್ಲಿಂದ ಯಾರೂ ಕದಲಿಸುವಂತಿಲ್ಲ, ಇನ್ನೊಬ್ಬಳಿಗೆ ಗಡುವು.

ನಾವು ಬಂದಿದ್ದು ಒಂದು ಜನವರಿಯಲ್ಲಿ, ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನ ಎರಡು ಕೋಣೆಯ ಅಪಾರ್ಟ್‌ಮೆಂಟಿಗೆ. ಮೈಸೂರಿನ ಮಂಡಿ ಮೊಹಲ್ಲಾದ ನಮ್ಮ ಮನೆಯಲ್ಲಿ ಬೀದಿಯ ಮಾತು ಕೇಳಬಾರದೆಂದು ಕಿಟಕಿ ಮುಚ್ಚುತ್ತಿದ್ದೆವು. ಇಲ್ಲಿ ಮೊದಲ ವಾರ ಏನಾದರೂ ಕೇಳಿಸಲಿ ಎಂದು ಹಿಮ ಬೀಳುತ್ತಿದ್ದಾಗಲೇ ಕಿಟಕಿ ತೆರೆದು ನಿಂತೆ. ಹೀಟರ್ ಬಿಲ್ ನೆನಪಿಸಿ ಇಲ್ಯಾಸ್ ಮುಚ್ಚಿಸಿದರು. ಊರಲ್ಲಿ ನಾನು ಪ್ರೌಢಶಾಲೆಯ ಕನ್ನಡ ಟೀಚರ್. ಇಲ್ಲಿ ನನ್ನ ವೀಸಾದಲ್ಲಿ ಎಷ್ಟೋ ವರ್ಷ ಕೆಲಸ ಮಾಡುವಂತೆಯೇ ಇರಲಿಲ್ಲ. ಡ್ರೈವಿಂಗ್ ಲೈಸೆನ್ಸ್ ಮೂರನೇ ಸಲಕ್ಕೆ ಸಿಕ್ಕ ದಿನ ಸುಮ್ಮನೆ ಈಸ್ಟ್ ಬ್ರನ್ಸ್‌ವಿಕ್‌ವರೆಗೆ ಹೋಗಿ, ಅಲ್ಲಿನ ಹಲಾಲ್ ಅಂಗಡಿಯಲ್ಲಿ ಬೇಡದಿದ್ದರೂ ಎರಡು ಕೋಳಿ ಕೊಂಡು ತಂದೆ. ಆ ಸಂಭ್ರಮ ಈಗಲೂ ಮೈಯಲ್ಲಿದೆ.

ನಮ್ಮ ಮನೆಮಾತು ದಖನಿ ಉರ್ದು. ಮಕ್ಕಳು ಅದನ್ನು ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಮಕ್ಕಳಿಗೆ ತಿಳಿಯಬಾರದ ಮಾತು ಬಂದಾಗ ಇಲ್ಯಾಸ್ ಮತ್ತು ನಾನು ಕನ್ನಡಕ್ಕೆ ಹೊರಳುತ್ತಿದ್ದೆವು. ಮಕ್ಕಳಿಗೆ ಕಲಿಸಬೇಕಾದ ಭಾಷೆಯನ್ನೇ ಅವರಿಂದ ಬಚ್ಚಿಡುತ್ತಿದ್ದೇನೆಂದು ಒಂದು ಕಾಲದ ಕನ್ನಡ ಟೀಚರಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಅದು ಅಷ್ಟು ಅನುಕೂಲವಾಗಿತ್ತು.

ಮೈಸೂರಿನಲ್ಲಿ ನಡೆಯುವುದಕ್ಕೆ ಹೆಸರಿರಲಿಲ್ಲ. ಬ್ರೆಡ್ಡು ತರಲು, ಟ್ಯೂಷನ್ನಿಗೆ, ನೆಂಟರ ಮನೆಗೆ ನಡೆದು ಹೋಗುತ್ತಿದ್ದೆವು, ಅಷ್ಟೇ. ಇಲ್ಲಿ ಅದಕ್ಕೆ ಹೈಕಿಂಗ್ ಎಂಬ ಹೆಸರಿದೆ, ಬೇರೆ ಬೂಟುಗಳಿವೆ, ನಡೆಯುವ ಜಾಗಕ್ಕೆ ಒಂದೂವರೆ ಗಂಟೆ ಡ್ರೈವ್ ಮಾಡಬೇಕು. ಇಲ್ಯಾಸ್ ಸೇತುವೆಗಳ ತಪಾಸಣೆ ಮಾಡುವ ಎಂಜಿನಿಯರ್. ಹಾಗೆ ಹೋದಾಗಲೇ ನ್ಯೂಯಾರ್ಕ್ ರಾಜ್ಯದ ನ್ಯೂ ಪಾಲ್ಟ್ಸ್ ಎಂಬ ಚಿಕ್ಕ ಊರು ನೋಡಿ ಬಂದು, “ಹಳೇ ರೈಲ್ವೆ ಬ್ರಿಡ್ಜ್ ಇದೆ ಕಣೆ, ಈಗ ಜನ ಅದರ ಮೇಲೆ ನಡೀತಾರೆ” ಎಂದು ಆಸೆ ಹುಟ್ಟಿಸಿದರು. ಆ ದಾರಿಯ ನಕ್ಷೆಯಲ್ಲಿ ‘ಫ್ಯಾಮಿಲಿ ಫ್ರೆಂಡ್ಲಿ’ ಎಂದು ಬರೆದಿತ್ತು. ಮಗುವಿನ ತಳ್ಳುಗಾಡಿ ಹೋಗುತ್ತದೆ, ವಯಸ್ಸಾದವರೂ ನಡೆಯಬಹುದು ಎಂದರ್ಥ. ಹಿಬಾ ಆ ತಳ್ಳುಗಾಡಿಯಲ್ಲಿದ್ದಾಗಿನಿಂದ ಪ್ರತಿ ವರ್ಷ ಎಲೆಗಳು ಬಣ್ಣ ತಿರುಗುವ ಹೊತ್ತಿಗೆ ಅಲ್ಲಿಗೆ ಹೋಗುತ್ತಿದ್ದೆವು.

ಕಳೆದ ವರ್ಷ ಸೆಪ್ಟೆಂಬರ್‌ನ ಕೊನೆಯ ಶನಿವಾರವೂ ಹೋದೆವು. ಎರಡು ದಿನದ ಹಿಂದೆ ವಕೀಲೆಯ ಮೂಲಕ ಪತ್ರ ಬಂದಿತ್ತು. ವಿದ್ಯಾರ್ಥಿ ವೀಸಾದ ಅರ್ಜಿ ತಿರಸ್ಕೃತವಾಗಿತ್ತು. ಅಫ್ರೀನ್‌ಗೆ ನಾವಿನ್ನೂ ಹೇಳಿರಲಿಲ್ಲ. ಬೆಳಿಗ್ಗೆ ಎದ್ದು ಖೀಮಾ ಹುರಿದು ಬ್ರೆಡ್ಡಿನ ನಡುವೆ ಹಾಕಿದೆ, ಫ್ಲಾಸ್ಕಿಗೆ ಚಹಾ ತುಂಬಿದೆ. ಎಲ್ಲ ಎಂದಿನಂತೆಯೇ ಇರಬೇಕೆಂಬ ಗಡಿಬಿಡಿಯಲ್ಲಿ ಉಪ್ಪನ್ನು ಎರಡು ಸಲ ಹಾಕಿಬಿಟ್ಟೆ.

ನ್ಯೂ ಪಾಲ್ಟ್ಸ್‌ನ ಹಳೆಯ ಬೀದಿಯಲ್ಲಿ ಕಲ್ಲಿನ ಮನೆಗಳಿವೆ. ಮುನ್ನೂರು ವರ್ಷಕ್ಕೂ ಹಿಂದೆ ತಮ್ಮ ನಂಬಿಕೆಯ ಕಾರಣಕ್ಕೆ ಫ್ರಾನ್ಸ್ ಬಿಟ್ಟು ಓಡಿಬಂದ ಕೆಲವು ಕುಟುಂಬಗಳು ಕಟ್ಟಿದ ಊರು ಅದು. ಪ್ರತಿ ಸಲ ಹೊರಗಿನಿಂದಲೇ ನೋಡಿ ಮುಂದೆ ಹೋಗುತ್ತಿದ್ದ ನಾವು ಆ ದಿನ ಅಫ್ರೀನ್ ಹಟ ಮಾಡಿದ್ದಕ್ಕೆ ಒಳಗೆ ಹೋದೆವು. ಬಿಳಿಕೂದಲಿನ ಮಾರ್ಗದರ್ಶಿ ಹೆಂಗಸು ತಗ್ಗು ಚಾವಣಿಯ ಕೋಣೆಯಲ್ಲಿ ನಿಂತು ಕಥೆ ಹೇಳಿದರು. ಫ್ರಾನ್ಸ್‌ನಿಂದ ಬಂದವರಿಗೆ ಮೊದಲು ಆಸರೆ ಕೊಟ್ಟದ್ದು ಜರ್ಮನಿಯ ಒಂದು ಸೀಮೆ. ಹಾಗಾಗಿ ಇಲ್ಲಿ ಕಟ್ಟಿದ ಊರಿಗೆ ಅವರು ಹುಟ್ಟೂರಿನ ಹೆಸರಿಡದೆ ಆ ಸೀಮೆಯ ಹೆಸರಿಟ್ಟರಂತೆ. ಚರ್ಚಿನ ಪುಸ್ತಕಗಳನ್ನು ಮೊದಲು ಫ್ರೆಂಚಿನಲ್ಲಿ, ಮೊಮ್ಮಕ್ಕಳ ಕಾಲಕ್ಕೆ ಡಚ್ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಬರೆದರಂತೆ.

“ಇವರನ್ನು ಯಾರೂ ವಾಪಸ್ ಕಳಿಸಲಿಲ್ಲವೇ?” ಎಂದು ಅಫ್ರೀನ್ ಇಂಗ್ಲಿಷಿನಲ್ಲಿ ಕೇಳಿದಳು.

ಮಾರ್ಗದರ್ಶಿ ಅದನ್ನು ತಮಾಷೆಯೆಂದುಕೊಂಡರು. “ಕಳಿಸುವುದಕ್ಕೆ ಯಾರಿದ್ದರಮ್ಮ? ಮೊದಲಿಂದ ಇಲ್ಲಿದ್ದ ಮೂಲನಿವಾಸಿಗಳೇ ಕೊನೆಗೆ ಇಲ್ಲಿಂದ ಹೋಗಬೇಕಾಯಿತು.”

ಅಫ್ರೀನ್ ತಲೆದೂಗಿ ಹೊರಗೆ ನಡೆದಳು.

ಅಲ್ಲಿಂದ ನದಿಯ ಕಡೆಗೆ ಹೋದೆವು. ನದಿಯ ಹೆಸರು ವಾಲ್‌ಕಿಲ್. ಡಚ್ಚರ ಮಾತಿನಲ್ಲಿ ಕಿಲ್ ಎಂದರೆ ಹೊಳೆ. ಚಿಕ್ಕವಳಿದ್ದಾಗ ಹಿಬಾ ಆ ಹೆಸರಿಗೆ ಹೆದರಿ ನೀರಿನ ಹತ್ತಿರ ಬರುತ್ತಿರಲಿಲ್ಲ. ಈಗ ಅವಳೇ ಓಡಿಹೋಗಿ ಅಕ್ಕನ ಕೈ ಹಿಡಿದಳು. ಒಂದು ಕಡೆ ಜೋಳದ ಹೊಲ, ಇನ್ನೊಂದು ಕಡೆ ಮರಗಳ ಸಂದಿಯಲ್ಲಿ ಕಂದು ನೀರು, ದೂರದ ಬೆಟ್ಟದ ನೆತ್ತಿಯಲ್ಲಿ ಒಂದು ಕಲ್ಲಿನ ಗೋಪುರ. ಎದುರಾದವರೆಲ್ಲ “ಬ್ಯೂಟಿಫುಲ್ ಡೇ” ಎಂದು ಹೇಳಿ ಹೋಗುತ್ತಿದ್ದರು. ಊರಲ್ಲಿ ಗುರುತಿಲ್ಲದವರು ಮುಖ ನೋಡಿ ಮಾತಾಡಿಸಿದರೆ ಏನೋ ಕೇಳಬೇಕಿದೆ ಎಂದರ್ಥ. ಇಲ್ಲಿ ಏನನ್ನೂ ಕೇಳುವುದಿಲ್ಲ, ಹೇಳಿ ಮುಂದೆ ಹೋಗುತ್ತಾರೆ. ನಾನೂ ಪ್ರತಿಯೊಬ್ಬರಿಗೆ “ಯೆಸ್, ಬ್ಯೂಟಿಫುಲ್” ಎನ್ನುತ್ತಿದ್ದೆ.

ಮಕ್ಕಳು ಹತ್ತು ಹೆಜ್ಜೆ ಮುಂದಿದ್ದರು. ಇಲ್ಯಾಸ್ ಕನ್ನಡದಲ್ಲಿ ಶುರು ಮಾಡಿದರು.

“ಇವತ್ತು ಹೇಳೋದು ಬೇಡ ಕಣೆ ರಜಿಯಾ. ಒಂದು ದಿನ ನೆಮ್ಮದಿಯಾಗಿ ನಡೀಲಿ.”

“ಇನ್ಯಾವಾಗ ಹೇಳ್ತೀರಿ? ಟಿಕೆಟ್ ಬುಕ್ ಮಾಡಿದ್ಮೇಲಾ?”

“ಲಾಯರ್ ಇನ್ನೊಂದ್ಸಲ ನೋಡೋಣ ಅಂದ್ರಲ್ಲ.”

“ಅವರು ಹಾಗಂದಿಲ್ಲ ರೀ. ನೀವು ಹಾಗೆ ಕೇಳಿಸ್ಕೊಂಡ್ರಿ.”

ಅವರು ಮುಂದೆ ಹೋಗುತ್ತಿದ್ದ ಅಫ್ರೀನ್‌ಳನ್ನು ನೋಡಿದರು. ಆಮೇಲೆ, “ನನ್ನಿಂದಾನೇ ಆಗಿದ್ದು. ಆಗ ಬೇರೆ ಕಂಪನಿಗೆ ಹೋಗದೆ ಇದ್ದಿದ್ರೆ ಗ್ರೀನ್ ಕಾರ್ಡ್ ಅರ್ಜಿ ನಾಲ್ಕು ವರ್ಷ ಮೊದಲೇ ಹೋಗಿರ್ತಿತ್ತು. ಅವಳಿಗೆ ಅದನ್ನ ಮಾತ್ರ ಹೇಳ್ಬೇಡ” ಎಂದರು.

ಹಳೆಯ ಕಬ್ಬಿಣದ ಸೇತುವೆ ಬಂತು. ಪ್ರತಿ ಸಲ ಇಲ್ಯಾಸ್ ಅಲ್ಲಿ ನಿಂತು ಮಕ್ಕಳಿಗೆ ರಿವೆಟ್ಟು ಮೊಳೆಗಳನ್ನು ತೋರಿಸಿ, ಯಾವ ಸಲಾಕೆ ಯಾವುದರ ಭಾರ ಹೊರುತ್ತದೆಂದು ವಿವರಿಸುತ್ತಿದ್ದರು. ಆ ದಿನ ಕಂಬಿಗೆ ಒರಗಿ ನೀರು ನೋಡುತ್ತ ನಿಂತರು. ಹಿಬಾ ಸೇತುವೆಯ ಆ ತುದಿಗೆ ಓಡಿದಳು. ಅಫ್ರೀನ್ ನಮ್ಮ ಹತ್ತಿರ ವಾಪಸ್ ಬಂದಳು.

“ಅಬ್ಬಾ, ನಿಮ್ಮಿಂದ ಆಗಿದ್ದಲ್ಲ” ಎಂದು ಅಪ್ಪನಿಗೆ ಹೇಳಿದಳು.

ಕನ್ನಡದಲ್ಲಿ.

ಉಚ್ಚಾರ ಅಮೆರಿಕದ್ದು, ‘ದ್ದ’ ನಾಲಗೆಯ ಮೇಲೆ ಜಾರುತ್ತಿತ್ತು. ಆದರೆ ಮಾತು ತಪ್ಪಿರಲಿಲ್ಲ. ಇಲ್ಯಾಸ್ ತಿರುಗಿ ನೋಡಿದರು.

“ಯಾವಾಗಿಂದ ಗೊತ್ತು ನಿಂಗೆ?” ಎಂದು ಕೇಳಿದೆ.

“ಹದಿಮೂರು ವರ್ಷ ಇದ್ದಾಗಿಂದ. ನೀವು ಬೇಜಾರಾದಾಗೆಲ್ಲ ಕನ್ನಡದಲ್ಲೇ ಮಾತಾಡ್ತೀರಿ ಅಮ್ಮಿ. ಕಲೀದೆ ಏನ್ ಮಾಡ್ಲಿ?” ಎಂದವಳು ನಗಲು ನೋಡಿದಳು. “ನಂಗೆ ಬರೋದು ಆ ಮಾತುಗಳೇ. ಆಗಲ್ಲ, ಏನ್ಮಾಡೋದು, ಇನ್ನೂ ಬಂದಿಲ್ಲ, ಅವಳಿಗೆ ಹೇಳ್ಬೇಡ.”

ಪತ್ರದ ವಿಷಯವೂ ಅವಳಿಗೆ ಗುರುವಾರವೇ ತಿಳಿದಿತ್ತು. ಅಡುಗೆಮನೆಯಲ್ಲಿ ನಾವು ಕನ್ನಡದಲ್ಲಿ ಮಾತಾಡಿಕೊಂಡಿದ್ದನ್ನು ಮೆಟ್ಟಿಲ ಮೇಲೆ ಕುಳಿತು ಕೇಳಿದ್ದಳು. ಮರುದಿನ ತಾನಾಗಿಯೇ ಮೈಸೂರಿನ ಉದಯಗಿರಿಯಲ್ಲಿರುವ ನನ್ನ ಅಕ್ಕನಿಗೆ ಮೆಸೇಜ್ ಮಾಡಿದ್ದಳು. “ರೂಮ್ ಇದೆ, ಬಾ ಅಂದ್ರು ಖಾಲಾ.” ಏಳು ವರ್ಷ ಅವಳು ನಮ್ಮ ಪ್ರತಿ ಭಯವನ್ನೂ ಕೇಳಿಸಿಕೊಂಡು, ಕೇಳಿಸದವಳಂತೆ ಶಾಲೆಗೆ ಹೋಗಿ, ಅಂಕ ತಂದು, ನಮ್ಮ ಮುಂದೆ ನಗುತ್ತ ಓಡಾಡಿದ್ದಳು. ಅವಳನ್ನು ಕಾಪಾಡುತ್ತಿದ್ದೇವೆಂದು ನಾವು ತಿಳಿದಿದ್ದೆವು.

ಇಲ್ಯಾಸ್ ಮಗಳನ್ನು ತಬ್ಬಿಕೊಂಡು ಅತ್ತರು. ಸೈಕಲ್ಲಿನಲ್ಲಿ ಬಂದ ದಂಪತಿ ಇಳಿದು, ಸದ್ದು ಮಾಡದೆ ಸೈಕಲ್ ತಳ್ಳಿಕೊಂಡು ನಮ್ಮನ್ನು ದಾಟಿ ಹೋದರು. ಅವರು ಮಾತ್ರ “ಬ್ಯೂಟಿಫುಲ್ ಡೇ” ಎನ್ನಲಿಲ್ಲ. ಹಿಬಾ ಓಡಿಬಂದು, ಅಬ್ಬಾ ಯಾಕೆ ಅಳುತ್ತಿದ್ದಾರೆಂದು ಇಂಗ್ಲಿಷಿನಲ್ಲಿ ಕೇಳಿದಳು. ಇನ್ನು ಬಚ್ಚಿಟ್ಟು ಫಲವಿರಲಿಲ್ಲ. ಹೇಳಿದೆವು. ಅವಳು ಅಕ್ಕನ ತೋಳು ಹಿಡಿದು, “ನನ್ನ ಪಾಸ್‌ಪೋರ್ಟ್ ಆಪಾ ಇಟ್ಟುಕೊಳ್ಳಲಿ” ಎಂದಳು. ಹಾಗೆ ಆಗುವುದಿಲ್ಲ ಎಂದು ಅವಳಿಗೆ ವಿವರಿಸಿದವಳೂ ಅಫ್ರೀನ್‌ಳೇ, ನದಿ ದಂಡೆಯ ಬೆಂಚಿನ ಮೇಲೆ ಕುಳಿತು, ಉಪ್ಪಾದ ಖೀಮಾ ತಿನ್ನುತ್ತ.

ಅಕ್ಟೋಬರ್ ಕೊನೆಯಲ್ಲಿ ಅವಳು ಹೊರಟಳು. ಬಿಟ್ಟು ಬರಲು ನಾನು ಜೊತೆಗೆ ಹೋಗುವಂತಿರಲಿಲ್ಲ. ಒಮ್ಮೆ ದೇಶ ಬಿಟ್ಟರೆ ಮರಳಿ ಬರಲು ಪಾಸ್‌ಪೋರ್ಟಿನ ಮೇಲೆ ಹೊಸ ವೀಸಾ ಬೀಳಬೇಕು, ಅದರ ಸಂದರ್ಶನಕ್ಕೆ ದಿನ ಯಾವಾಗ ಸಿಗುತ್ತದೋ ಹೇಳುವವರಿಲ್ಲ. ಅಷ್ಟು ದಿನ ಹಿಬಾಳನ್ನು ಬಿಟ್ಟಿರುವುದು ಹೇಗೆ? ಒಬ್ಬ ಮಗಳಿಗಾಗಿ ಇನ್ನೊಬ್ಬಳನ್ನು ಬಿಡಲು ನನ್ನಿಂದ ಆಗಲಿಲ್ಲ. ವಿಮಾನ ನಿಲ್ದಾಣದಲ್ಲಿ, ಗಾಜಿನ ಆಚೆ ಬೂಟು ಬಿಚ್ಚಿ ಟ್ರೇಯಲ್ಲಿಡುತ್ತಿದ್ದ ಅವಳ ಬೆನ್ನು ಕೊನೆಯದಾಗಿ ಕಂಡಿತು.

ಇಲ್ಲಿ ಅವಳು ನರ್ಸಿಂಗ್ ಮೂರನೇ ವರ್ಷದಲ್ಲಿದ್ದಳು. ಅಲ್ಲಿ ಕಾಲೇಜಿನವರು ಮೊದಲ ವರ್ಷದಿಂದ ಓದಬೇಕೆಂದರು. ಈಗ ಮನೆ, ಭಾಷೆ, ಊಟ, ಒಂಟಿತನ ಎಲ್ಲವನ್ನೂ ಅವಳು ಕಲಿಯುತ್ತಿದ್ದಾಳೆ, ನಾನು ಇಲ್ಲಿ ಕಲಿತ ಹಾಗೆಯೇ. ಅವಳ ಕನ್ನಡದಲ್ಲಿ ತರಕಾರಿಗಳ ಹೆಸರಿಲ್ಲ, ಜಗಳವಾಡುವ ಮಾತಿಲ್ಲ. ಬೀದಿಯ ಗದ್ದಲಕ್ಕೆ ನಿದ್ದೆ ಬರುವುದಿಲ್ಲವಂತೆ. ನಮ್ಮ ಅಕ್ಕ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಆದರೂ ಅಫ್ರೀನ್ ಸೊರಗಿದ್ದಾಳೆ. ಅವಳು ಮತ್ತೆ ಇಲ್ಲಿಗೆ ಬರುವ ದಾರಿ ಯಾವುದೆಂದು ಕೇಳಿದರೆ ವಕೀಲೆ ಮಾತು ಬದಲಿಸುತ್ತಾರೆ. ನಾವೇ ಹೋಗಿಬಿಡೋಣವೆಂದರೆ ಹಿಬಾ, “ಅಲ್ಲಿ ನಾನು ಯಾರು?” ಎನ್ನುತ್ತಾಳೆ. ಅವಳ ಮಾತಿನಲ್ಲೂ ತಪ್ಪಿಲ್ಲ. ನ್ಯೂ ಪಾಲ್ಟ್ಸ್‌ಗೆ ಈ ವರ್ಷ ಯಾರೂ ಹೋಗೋಣ ಎನ್ನಲಿಲ್ಲ.

ಮೊನ್ನೆ ಇಲ್ಲಿ ಬೆಳಿಗ್ಗೆ, ಅಲ್ಲಿ ಸಂಜೆ. ಸಿಟಿ ಬಸ್ಸಿನಿಂದ ಫೋನ್ ಮಾಡಿದಳು.

“ಅಮ್ಮಿ, ಖಾಲಾ ಫೋನ್ ಎತ್ತುತಾ ಇಲ್ಲ. ಈ ಬಸ್ಸು ಬೇರೆ ರೋಡಲ್ಲಿ ಹೋಗ್ತಾ ಇದೆ. ಎಲ್ಲಿ ಇಳೀಲಿ?”

“ದೊಡ್ಡ ಮಸೀದಿ ದಾಟಿದ್ಮೇಲೆ ಒಂದು ಸೌದೆ ಡಿಪೋ ಬರುತ್ತೆ ನೋಡು, ಅಲ್ಲಿ ಇಳಿ” ಎಂದೆ.

“ಸೌದೆ ಡಿಪೋ ಎಲ್ಲೂ ಇಲ್ಲ ಅಮ್ಮಿ. ಎಲ್ಲಾ ಬಿಲ್ಡಿಂಗ್ಸು. ಇರಿ, ಕೇಳ್ತೀನಿ.”

ಫೋನ್ ಕಿವಿಯಿಂದ ತೆಗೆದು ಅವಳು ಕೇಳಿದ್ದು ನನಗೆ ಕೇಳಿಸಿತು. “ಸರ್, ಉದಯಗಿರಿಗೆ ಎಲ್ಲಿ ಇಳೀಬೇಕು?”

“ಯಾವೂರಮ್ಮಾ ನಿಮ್ದು?” ಎಂದರು ಕಂಡಕ್ಟರ್.

ಅವಳೆಂದಳು, “ಇದೇ ಊರು ಸರ್.”

“ಇದೇ ಊರಾಗಿದ್ರೆ ಸ್ಟಾಪ್ ಗೊತ್ತಿರ್ತಿತ್ತಲ್ಲಮ್ಮಾ” ಎಂದು ಕಂಡಕ್ಟರ್ ನಕ್ಕರು. ಬಸ್ಸಿನಲ್ಲಿ ಇನ್ಯಾರೋ ನಕ್ಕಿದ್ದೂ ಕೇಳಿಸಿತು.

ನ್ಯೂಜೆರ್ಸಿಯ ಅಡುಗೆಮನೆಯಲ್ಲಿ ನಿಂತು ಆ ಸ್ಟಾಪಿನ ಹೆಸರನ್ನು ನೆನಪಿಸಿಕೊಳ್ಳಲು ನೋಡಿದೆ. ನನಗೂ ಗೊತ್ತಿರಲಿಲ್ಲ.