ಮಂಡಕ್ಕಿ ಒಬ್ಬನೇ ಇದ್ದ ಮಧ್ಯಾಹ್ನಗಳು

ಎರಡು ವರ್ಷದ ಹಿಂದಿನ ಬೇಸಿಗೆ. ಸರ್ಕಾರಿ ಪಶುವೈದ್ಯೆಯಾಗಿ ಹಸು ಎಮ್ಮೆಗಳ ಜೊತೆ ಬಹುಕಾಲ ಕಳೆದು, ಅವಧಿಗೆ ಮುಂಚೆಯೇ ನಿವೃತ್ತಿ ಪಡೆದ ನಾನು ಆಗ ವಿಜಯನಗರದಲ್ಲಿ, ಹೊಸಹಳ್ಳಿ ಮೆಟ್ರೋ ನಿಲ್ದಾಣದ ಹತ್ತಿರ, ನಾಯಿ ಬೆಕ್ಕುಗಳ ಕ್ಲಿನಿಕ್ ನಡೆಸುತ್ತಿದ್ದೆ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಹಾಲು ಕಾಯುವವರೆಗೆ ಒಲೆಯ ಮುಂದೆ ನಿಲ್ಲಲಾರದೆ ಎಷ್ಟೋ ಸಲ ಉಕ್ಕಿಸಿ ಚೆಲ್ಲಿದವಳು. ಮೂಳೆ ಮುರಿದಿದ್ದರೆ ಕಟ್ಟು ಹಾಕು, ಗಾಯವಾಗಿದ್ದರೆ ಹೊಲಿ, ಹೀಗೆ ಬಂದ ತಕ್ಷಣ ಕೈಗೆ ಕೆಲಸ ಕೊಡುವ ಕೇಸುಗಳೆಂದರೆ ನನಗೆ ಇಷ್ಟ. ಮಂಡಕ್ಕಿ ಕೂಡ ಮೊದಲು ಅಂಥ ಕೇಸಾಗಿಯೇ ಬಂದಿದ್ದ.

ಮಂಡಕ್ಕಿ ಅಂದರೆ ನಾಯಿ. ಬೀದಿಯಿಂದ ತಂದು ಸಾಕಿದ್ದು. ಮೈಯೆಲ್ಲ ಬಿಳಿ, ಕಿವಿ ಎರಡೂ ಕಂದು. ಸಾಕಿದವರು ದಾವಣಗೆರೆ ಕಡೆಯಿಂದ ಬಂದು ಬಸವೇಶ್ವರನಗರದಲ್ಲಿ ನೆಲೆಸಿದ್ದ ವೀರೇಶಪ್ಪ ಮತ್ತು ಗಿರಿಜಮ್ಮ. ಮನೆಗೆ ಬಂದ ಮೊದಲ ಸಂಜೆಯೇ ಮರಿ ಮಂಡಕ್ಕಿ ಡಬ್ಬಕ್ಕೆ ತಲೆ ತೂರಿಸಿತಂತೆ, ಅಲ್ಲಿಗೆ ಹೆಸರಿನ ಚರ್ಚೆ ಮುಗಿಯಿತಂತೆ. ವೀರೇಶಪ್ಪನವರಿಗೆ ಮಾಗಡಿ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮಗಳು ಕಾವ್ಯ ಡಿಗ್ರಿ ಓದುತ್ತಿದ್ದಳು. ಆ ದಿನ ವೀರೇಶಪ್ಪ ಅಂಗಿಯೆಲ್ಲ ರಕ್ತ ಮಾಡಿಕೊಂಡು ನಾಯಿಯನ್ನು ತಬ್ಬಿಕೊಂಡು ಬಂದರು, ಹಿಂದೆಯೇ ಕಾವ್ಯ. ಮನೆಯಲ್ಲಿ ಯಾರೂ ಇಲ್ಲದಾಗ ಅದು ಎರಡನೇ ಮಹಡಿಯ ಬಾಲ್ಕನಿಯ ಸರಳುಗಳ ನಡುವೆ ತೂರಿ, ಕೆಳಮನೆಯವರು ಹಾಕಿಸಿದ್ದ ಶೀಟಿನ ಮೇಲೆ ಬಿದ್ದಿತ್ತು. ಶೀಟು ಇಲ್ಲದಿದ್ದರೆ ನೇರ ರಸ್ತೆಗೆ.

ಹಿಂಗಾಲಿನ ಗಾಯ ಹೊಲಿದೆ. ಆದರೆ ಮುಂಗಾಲಿನ ಉಗುರುಗಳನ್ನು ನೋಡಿದಾಗ ಕಥೆ ಬೇರೆಯೇ ಇದೆ ಅನ್ನಿಸಿತು. ಬುಡದವರೆಗೆ ಸವೆದಿದ್ದವು, ಎರಡು ಕಿತ್ತುಹೋಗಿದ್ದವು. ಬಾಗಿಲು ಕೆರೆದೂ ಕೆರೆದೂ ಆದ ಗಾಯ. ಇದಕ್ಕೆ ನಮ್ಮ ಭಾಷೆಯಲ್ಲಿ ಸೆಪರೇಷನ್ ಆಂಗ್ಸೈಟಿ ಅನ್ನುತ್ತೇವೆ. ಮನೆಯವರು ಕಣ್ಣಿಂದ ಮರೆಯಾದ ಕೂಡಲೇ ನಾಯಿಗೆ ಜೀವಭಯ ಹತ್ತುತ್ತದೆ. ಹಟವಲ್ಲ, ಕೊಬ್ಬಲ್ಲ, ಬೈದರೂ ಹೊಡೆದರೂ ಹೋಗುವುದಿಲ್ಲ. ಕಟ್ಟಿಹಾಕಿದರೆ ಹಗ್ಗಕ್ಕೇ ಕುತ್ತಿಗೆ ಕೊಟ್ಟುಬಿಡುವ ಅಪಾಯವಿದೆ.

ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಅಂತ ವೀರೇಶಪ್ಪನವರನ್ನು ಕೇಳಿದೆ. ಗಿರಿಜಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದವರು, ನಾಯಿ ಎಂದೂ ಒಂಟಿಯಾಗಿರಲಿಲ್ಲ. ಆ ವರ್ಷ ಅವರ ಕಿಡ್ನಿ ಎರಡೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ರಾಜಾಜಿನಗರದ ಒಂದು ಕೇಂದ್ರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಯಂತ್ರದ ಪಕ್ಕ ಪ್ರತಿ ಸಲ ನಾಲ್ಕು ಗಂಟೆ. ವೀರೇಶಪ್ಪ ಅವರನ್ನು ಅಲ್ಲಿ ಬಿಟ್ಟು ಬಂದು ಅಂಗಡಿ ತೆಗೆಯುತ್ತಿದ್ದರು, ಮಗಳು ಕಾಲೇಜಿಗೆ. ನಾಯಿ ಒಬ್ಬನೇ.

ವೀರೇಶಪ್ಪ ನಾಯಿಯನ್ನೂ ಔಷಧಿಯ ಪೊಟ್ಟಣವನ್ನೂ ತೆಗೆದುಕೊಂಡು ಮೆಟ್ಟಿಲಿಳಿದ ಮೇಲೆ ಕಾವ್ಯ ಮಾತ್ರ ವಾಪಸ್ ಬಂದಳು.

“ಆಂಟಿ, ಮಂಡಕ್ಕಿ ಒಬ್ನೇ ಇದಾನೆ ಅಂತ ಅಮ್ಮ ಡಯಾಲಿಸಿಸ್ ಅರ್ಧಕ್ಕೇ ಬಿಡಿಸ್ಕೊಂಡು ಬಂದ್ಬಿಡ್ತಾಳೆ. ಕಾಲು ಊದ್ಕೊಂಡಿದೆ, ಮಲಗಿದ್ರೆ ಉಸಿರು ಕಟ್ಟುತ್ತೆ. ಹೀಗೇ ಮಾಡಿದ್ರೆ ಉಳಿಯಲ್ಲ ಅಂತ ಡಾಕ್ಟರ್ ನೇರವಾಗೇ ಹೇಳಿದಾರೆ.”

ನಾಯಿಯ ಉಗುರಿಗೆ ಮುಲಾಮು ಬರೆದುಕೊಟ್ಟು ಕೈತೊಳೆದುಕೊಳ್ಳುವ ಕೇಸು ಇದಾಗಿರಲಿಲ್ಲ. ನಾಯಿ ಮನೆಯಲ್ಲಿ ಒಂಟಿಯಾಗಿರಲು ಕಲಿಯಬೇಕು, ಅದೂ ಬೇಗ. ಕಲಿಯದಿದ್ದರೆ ಆ ತಾಯಿಗೆ ಉಳಿಗಾಲವಿಲ್ಲ. ನಾಯಿಯನ್ನು ಬೇರೆಯವರಿಗೆ ಕೊಡುವ ಮಾತೂ ಆ ಮನೆಯಲ್ಲಿ ಎದ್ದಿತ್ತಂತೆ. ಹಾಗಾದರೆ ಡಯಾಲಿಸಿಸ್‌ಗೇ ಹೋಗುವುದಿಲ್ಲವೆಂದು ಗಿರಿಜಮ್ಮ ಊಟ ಬಿಟ್ಟು ಕೂತಿದ್ದರಂತೆ.

ಇದರ ಚಿಕಿತ್ಸೆ ನನ್ನಂಥವಳ ತಾಳ್ಮೆ ಪರೀಕ್ಷಿಸಲೆಂದೇ ಮಾಡಿದಂತಿದೆ. ಆತಂಕ ತಗ್ಗಿಸುವ ಮಾತ್ರೆ ಕೊಡುತ್ತೇವೆ, ಅದು ಹಿಡಿಯಲು ವಾರಗಟ್ಟಲೆ ಬೇಕು. ಅದರ ಜೊತೆಗೆ ಡಿಸೆನ್ಸಿಟೈಸೇಷನ್, ಅಂದರೆ ಭಯಕ್ಕೆ ಚೂರು ಚೂರಾಗಿ ಒಗ್ಗಿಸುವುದು. ಬಾಗಿಲಾಚೆ ಕಾಲಿಟ್ಟು ಒಳಗೆ ಬಾ. ನಾಯಿ ಸುಮ್ಮನಿದ್ದರೆ ಮುಂದಿನ ಸಲ ಮೆಟ್ಟಿಲವರೆಗೆ, ಆಮೇಲೆ ಗೇಟಿನವರೆಗೆ. ಅದು ಹೆದರುವ ಮೊದಲೇ ವಾಪಸ್ ಬರಬೇಕು. ಒಂದು ಸಲ ಹೆದರಿದರೆ ಕಲಿತದ್ದೆಲ್ಲ ನೀರುಪಾಲು. ಆದ್ದರಿಂದ ಕಲಿಯುವಷ್ಟು ಕಾಲ ಅದನ್ನು ನಿಜವಾಗಿ ಒಂಟಿಯಾಗಿ ಬಿಡುವಂತೆಯೇ ಇಲ್ಲ. ಡಯಾಲಿಸಿಸ್ ದಿನಗಳಲ್ಲಿ ಮಂಡಕ್ಕಿಯನ್ನು ನನ್ನ ಕ್ಲಿನಿಕ್ಕಿನಲ್ಲೇ ಬಿಟ್ಟುಹೋಗಿ ಅಂದೆ. ಅವನು ನನ್ನ ಮೇಜಿನ ಕೆಳಗೆ ಮೂತಿ ಚಾಚಿ, ಬಂದವರ ಚಪ್ಪಲಿ ಮೂಸುತ್ತಾ ಆರಾಮಾಗಿಯೇ ಇರುತ್ತಿದ್ದ. ಆದರೂ ಗಿರಿಜಮ್ಮ ಹೊತ್ತಿಗೆ ಮುಂಚೆಯೇ ಆಟೋ ಹಿಡಿದು ಬಂದುಬಿಡುತ್ತಿದ್ದರು. ನಿಮಗ್ಯಾಕ್ರಿ ತೊಂದ್ರೆ ಅನ್ನುತ್ತಿದ್ದರು. ಸಂಕೋಚದವರು ಅಂದುಕೊಂಡೆ.

ಮನೆಯಲ್ಲಿ ಪಾಠ ಶುರುವಾಯಿತು. ಕಾವ್ಯ ಹಳೆಯ ಮೊಬೈಲನ್ನು ಟಿವಿ ಪಕ್ಕ ನಿಲ್ಲಿಸಿ, ಬಾಗಿಲ ಕಡೆ ಕ್ಯಾಮೆರಾ ತಿರುಗಿಸಿ, ವಿಡಿಯೋ ಅಮ್ಮನ ಫೋನಿನಲ್ಲೂ ನನ್ನ ಫೋನಿನಲ್ಲೂ ಕಾಣುವಂತೆ ಮಾಡಿದಳು. ಅವಳು ಹೊರಗೆ ಹೋದರೆ ಮಂಡಕ್ಕಿ ಸ್ವಲ್ಪ ಹೊತ್ತು ಬಾಗಿಲು ನೋಡಿ ಮಲಗುತ್ತಿದ್ದ. ವೀರೇಶಪ್ಪ ಹೋದರೂ ಅಷ್ಟೇ. ಗಿರಿಜಮ್ಮ ಪಾಠಕ್ಕಾಗಿ ಮೆಟ್ಟಿಲವರೆಗೆ ಹೋಗಿಬಂದರೂ ತೊಂದರೆಯಿಲ್ಲ. ಆಸ್ಪತ್ರೆಗೆಂದು ನಿಜವಾಗಿ ಹೊರಡುವ ಬೆಳಿಗ್ಗೆ ಮಾತ್ರ, ಅವನನ್ನು ಜೊತೆಗೇ ಕ್ಲಿನಿಕ್ಕಿಗೆ ಕರೆತರುವ ದಿನವೂ, ಚಪ್ಪಲಿ ಮೆಟ್ಟುವ ಮೊದಲೇ ಜೊಲ್ಲು ಸುರಿಸುತ್ತಾ ಗಡಗಡ ನಡುಗುತ್ತಾನೆ ಅಂದಳು ಕಾವ್ಯ. ಏನನ್ನು ನೋಡಿ? ಬೀಗದ ಕೈ, ವ್ಯಾನಿಟಿ ಬ್ಯಾಗ್, ಸೀರೆ, ಎಲ್ಲ ಬದಲಾಯಿಸಿ ನೋಡಿದೆವು. ಫೋನಿನಲ್ಲಿ ಕೇಳಿ ಕೇಳಿ ನನಗೆ ತಲೆಕೆಟ್ಟುಹೋಯಿತು. ಒಂದು ಬೆಳಿಗ್ಗೆ ಕ್ಲಿನಿಕ್ ತೆಗೆಯುವುದನ್ನು ಬಿಟ್ಟು ಸ್ಕೂಟರ್ ಹತ್ತಿ ಅವರ ಮನೆಗೇ ಹೋದೆ.

ಗಿರಿಜಮ್ಮ ದೇವರ ಮನೆಯಿಂದ ವಿಭೂತಿ ಗಟ್ಟಿ ಹಿಡಿದು ಬಂದರು. ನೀರಿನಲ್ಲಿ ತೇಯ್ದು ಮೂರು ಬೆರಳಿನಿಂದ ತಮ್ಮ ಹಣೆಗೆ ಎಳೆದುಕೊಂಡರು. ಆಮೇಲೆ ಕೆಳಗೆ ಕೂತು, ನಾಯಿಯ ಮುಖವನ್ನು ಎರಡು ಮಂಡಿಗಳ ನಡುವೆ ಹಿಡಿದು ಅದರ ಹಣೆಗೂ ಎಳೆದರು. ಅಷ್ಟಕ್ಕೇ ಮುಗಿಯಲಿಲ್ಲ. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಅದಕ್ಕೆ ದೃಷ್ಟಿ ತೆಗೆದರು. ಬಾಲ್ಕನಿಯಿಂದ ಬಿದ್ದಿದ್ದು ಯಾರದೋ ಕಣ್ಣು ತಾಗಿ ಎಂದು ಕೆಳಮನೆಯವರು ಹೇಳಿದ್ದರಂತೆ. ಅಂದಿನಿಂದ ಪ್ರತಿ ಸಲವೂ ಇದು. ತುಟಿ ಏನೋ ಪಠಿಸುತ್ತಿತ್ತು, ಕಣ್ಣಲ್ಲಿ ನೀರು. ವಿಭೂತಿ ಗಟ್ಟಿ ಕಂಡ ಕ್ಷಣದಿಂದ ನಾಯಿಯ ಬಾಲ ಕಾಲಸಂದಿಗೆ ಸೇರಿತ್ತು. ಮೆಣಸಿನಕಾಯಿ ಮೂರನೇ ಸುತ್ತು ಬರುವಷ್ಟರಲ್ಲಿ ಅದು ನೆಲದ ಮೇಲೆ ಉಚ್ಚೆ ಹೊಯ್ದುಕೊಂಡಿತು.

ನಗು ಬಂತು, ಸಂಕಟವೂ ಆಯಿತು. ಕಾಪಾಡಲಿ ಅಂತ ಮಾಡಿದ್ದೇ ಆ ಮೂಕಪ್ರಾಣಿಗೆ ಅಪಾಯದ ಗಂಟೆಯಾಗಿತ್ತು. ಇಂಥ ಸುಳಿವಿಗೆ ಡಿಪಾರ್ಚರ್ ಕ್ಯೂ ಅನ್ನುತ್ತಾರೆ. ಯಾವ ಕೆಲಸದ ಹಿಂದೆಯೇ ಮನೆ ಖಾಲಿಯಾಗುತ್ತದೋ ಆ ಕೆಲಸ ಕಂಡರೆ ಸಾಕು, ನಾಯಿಗೆ ಭಯ ಶುರು. ನನ್ನದು ತಡೆದು ಮಾತಾಡುವ ನಾಲಿಗೆಯಲ್ಲ. ನಾಳೆಯಿಂದ ಇದೆಲ್ಲ ನಿಲ್ಲಿಸಿ, ಹಾಗೇ ಎದ್ದು ಹೊರಟುಬಿಡಿ ಅಂದೆ.

ಗಿರಿಜಮ್ಮ ಮುಖವೆತ್ತಿ ನೋಡಿದರು.

“ಕೈಗೆ ಸೂಜಿ ಚುಚ್ಚಿಸ್ಕೊಂಡು ರಕ್ತವೆಲ್ಲ ಹೊರಗೆ ಬಿಡೋಕೆ ಹೋಗೋಳು ನಾನು. ಬರೀ ಹಣೇಲಿ ಹೋಗು ಅಂತೀರೇನ್ರಿ ಡಾಕ್ಟ್ರೇ?”

ಕಾಫಿ ಬಂತು, ನಿಂತೇ ಕುಡಿದೆ. ಆ ನಡುಮನೆಯಲ್ಲಿ ಸೋಫಾದಿಂದ ಕಿಟಕಿಗೆ, ಕಿಟಕಿಯಿಂದ ಸೋಫಾಕ್ಕೆ ನಾನು ಓಡಾಡಿದ್ದಕ್ಕೆ ನಾಯಿಗೇ ತಲೆ ತಿರುಗಿರಬೇಕು. ಕೊನೆಗೆ ದೃಷ್ಟಿ ತೆಗೆಯುವುದನ್ನು ಬಿಡಲು ಗಿರಿಜಮ್ಮ ಒಪ್ಪಿದರು. ವಿಭೂತಿಯನ್ನು ಮಾತ್ರ ಬಿಡಲಾರೆ ಅಂದರು. ಬಿಡಬೇಡಿ, ಜಾಗ ಬದಲಾಯಿಸಿ ಅಂದೆ. ಆಸ್ಪತ್ರೆಯಲ್ಲಿ ಕುರ್ಚಿಗೆ ಒರಗಿದ ಮೇಲೆ, ಸೂಜಿಗೆ ಮುಂಚೆ, ಅಲ್ಲೇ ಹಚ್ಚಿಕೊಳ್ಳಿ. ಮಂಡಕ್ಕಿಗೆ ಊಟ ಹಾಕುವಾಗ, ಆಟವಾಡುವಾಗ, ನೀವು ಸುಮ್ಮನೆ ಸೀರಿಯಲ್ ನೋಡುತ್ತಾ ಕೂತಾಗ ಹಚ್ಚಿ. ಹಚ್ಚಿ ಎಲ್ಲಿಗೂ ಹೋಗಬೇಡಿ. ಅವರು ತುಸು ಯೋಚಿಸಿ, ದಿನವಿಡೀ ವಿಭೂತಿ ಹಚ್ಚಿಕೊಂಡಿರೋಕೆ ಇವನೇನು ಸ್ವಾಮೀನಾ ಅಂದರು. ಆ ಮನೆಯಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಮಾತ್ರೆಯೂ ಹಿಡಿದಿತ್ತು. ವಿಭೂತಿ ಗಟ್ಟಿ ಕಂಡರೆ ಮಂಡಕ್ಕಿ ತಾನೇ ಬಂದು ಹಣೆ ಕೊಡುತ್ತಿದ್ದ, ಅನ್ನ ಬಂತೇನೋ ಅಂತ. ಹೊರಗಿರುವ ಹೊತ್ತನ್ನು ಹಿಗ್ಗಿಸುತ್ತಾ ಹೋದೆವು. ಅಂಗಡಿಗೆ, ತರಕಾರಿಗೆ, ದೇವಸ್ಥಾನಕ್ಕೆ. ಬಾಲ್ಕನಿಗೆ ವೀರೇಶಪ್ಪ ತಮ್ಮ ಅಂಗಡಿಯದೇ ಜಾಲರಿ ತಂದು ಬಿಗಿಸಿದರು. ಕೊನೆಗೆ ಒಂದು ಡಯಾಲಿಸಿಸ್ ದಿನ ಅವನನ್ನು ಮನೆಯಲ್ಲೇ ಬಿಡುವುದೆಂದಾಯಿತು. ನಾನು ಒಂದು ಕಣ್ಣು ಮೊಬೈಲ್ ಮೇಲಿಟ್ಟುಕೊಂಡೇ ಬೆಕ್ಕೊಂದಕ್ಕೆ ಇಂಜೆಕ್ಷನ್ ಕೊಟ್ಟು, ಕೈ ಪರಚಿಸಿಕೊಂಡೆ. ಮಂಡಕ್ಕಿ ಬಾಗಿಲ ಹತ್ತಿರ ಎರಡು ಸುತ್ತು ಹಾಕಿ, ಸೋಫಾ ಹತ್ತಿ, ಕಾಲು ಚಾಚಿ ಮಲಗಿದ. ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಪರದೆಯ ಮೇಲೆ ಬಾಗಿಲು ತೆರೆಯಿತು. ಗಿರಿಜಮ್ಮ ಒಳಗೆ ಬಂದರು. ಯಂತ್ರದ ನಾಲ್ಕು ಗಂಟೆಯಲ್ಲಿ ಅರ್ಧವೂ ಕಳೆದಿರಲಿಲ್ಲ.

ಸಿಟ್ಟು ನೆತ್ತಿಗೇರಿತು. ಫೋನ್ ಮಾಡಿದೆ. ನಾಯಿ ಹಾಯಾಗಿ ಮಲಗಿದ್ದನ್ನು ನೀವೂ ನೋಡಿರಬೇಕಲ್ಲಮ್ಮಾ, ಯಾಕೆ ಬಂದಿರಿ ಅಂತ ಕೇಳಿದೆ.

ಪರದೆಯಲ್ಲಿ ಗಿರಿಜಮ್ಮ ನಾಯಿಯ ಪಕ್ಕ ಕೂತರು. ಆಮೇಲೆ, “ನೋಡಿದೆ ಕಣ್ರಿ. ಅವ್ನು ಮಲಗಿದ್ದ. ನಂಗೇ ಅಲ್ಲಿ ಇರೋಕಾಗ್ಲಿಲ್ಲ.”

ಸಂಜೆ ಹೋಗಿ ಎದುರು ಕೂತೆ. ಹೌದು, ಕೂತೆ. ನಿಧಾನವಾಗಿ ಹೇಳಿದರು. ಶುರುವಿನ ದಿನಗಳಲ್ಲಿ ಪಕ್ಕದ ಕುರ್ಚಿಯಲ್ಲಿ ರಾಣೆಬೆನ್ನೂರಿನ ಒಬ್ಬ ಹೆಂಗಸು ಇರುತ್ತಿದ್ದಳಂತೆ. ಇಬ್ಬರೂ ಊರು, ರೊಟ್ಟಿ, ಮಕ್ಕಳು ಅಂತ ಹರಟುತ್ತಿದ್ದರಂತೆ. ಒಂದು ದಿನ ಆ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಅವಳು ಎಲ್ಲಿ ಅಂದರೆ ನರ್ಸ್ ಮಾತು ಬದಲಾಯಿಸಿದಳು. ಅಲ್ಲಿಂದಾಚೆಗೆ ಯಂತ್ರ ಕುಯ್ಯೆಂದರೆ ಇವರ ಕೈಕಾಲು ತಣ್ಣಗಾಗುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ಎದ್ದು ಓಡಬೇಕು ಅನ್ನಿಸುತ್ತದೆ. ಗಂಡನಿಗೆ ಹೇಳಿದರೆ ಅಂಗಡಿ ಮುಚ್ಚಿ ಕೂರುತ್ತಾರೆ, ಮಗಳಿಗೆ ಹೇಳಿದರೆ ಓದು ಕೆಡುತ್ತದೆ. ನಾಯಿ ಒಬ್ಬನೇ ಇದ್ದಾನೆ ಅಂದರೆ ಯಾರೂ ಮರುಮಾತಾಡುವುದಿಲ್ಲ.

ನನಗೆ ಅಳು ಬಂತು. ಅವರೆದುರೇ ಅತ್ತೆ. ಇಷ್ಟು ದಿನ ನಾವೆಲ್ಲ ಮನೆಯ ಬಾಗಿಲನ್ನೇ ಕಾಯುತ್ತಿದ್ದೆವು. ಆ ಕಡೆ, ರಾಜಾಜಿನಗರದಲ್ಲಿ, ಇವರು ಒಬ್ಬರೇ ಇದ್ದರು.

ನಾನು ದನದ ಡಾಕ್ಟರು, ಮನುಷ್ಯರಿಗೆ ಔಷಧಿ ಹೇಳುವ ಹಕ್ಕಿಲ್ಲ. ಆದರೆ ಅವರನ್ನು ಕೇಳಿಕೊಂಡೇ, ಅವರ ಮುಂದೆಯೇ, ಎಲ್ಲವನ್ನೂ ಗಂಡನಿಗೂ ಮಗಳಿಗೂ ಹೇಳಿದೆ. ಕಿಡ್ನಿ ಡಾಕ್ಟರಿಗೂ ವಿಷಯ ತಿಳಿಯಿತು. ಸೆಳೆತ ಬಾರದಂತೆ ಯಂತ್ರ ನೀರು ಎಳೆಯುವ ವೇಗ ತಗ್ಗಿಸಿದರು, ಅಲ್ಲಿನ ಕೌನ್ಸೆಲರ್ ಹತ್ತಿರ ಮಾತಾಡಿಸಿದರು. ವೀರೇಶಪ್ಪ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಕುರ್ಚಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. ಪ್ರತಿ ಸಲ ಹೋದ ಸಲಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಇದ್ದು ಬರುವುದು ಅಂತ ಗಿರಿಜಮ್ಮನೇ ತೀರ್ಮಾನಿಸಿದರು. ಮಂಡಕ್ಕಿಗೆ ಮಾಡಿದ ಹಾಗೇ ನನಗೂ ಮಾಡ್ತಿದೀರಿ, ಬಿಸ್ಕತ್ ಒಂದು ಕಡಿಮೆ ಅಂದರು.

ಒಂದು ಮಧ್ಯಾಹ್ನ ನಾನು ಮೊಬೈಲಿನಲ್ಲಿ ನೋಡುತ್ತಿದ್ದ ಹಾಗೇ ಮಂಡಕ್ಕಿ ದಡಕ್ಕನೆ ಎದ್ದ. ಕೆಳಗೆ ಎಲ್ಲೋ ಪಟಾಕಿ ಹೊಡೆದಿದ್ದರು. ಬಾಗಿಲಿಗೆ ಓಡಿದ, ಮೂತಿ ಮೇಲೆತ್ತಿ ಉದ್ದಕ್ಕೆ ಊಳಿಟ್ಟ, ಒಂದು ಕಾಲನ್ನು ಬಾಗಿಲ ಮೇಲಿಟ್ಟ. ಮುಗಿಯಿತು ಕಥೆ, ಇನ್ನು ಕೆರೆಯುತ್ತಾನೆ. ಕ್ಲಿನಿಕ್ಕಿನಲ್ಲಿ ಜನ ಕಾಯುತ್ತಿದ್ದರೂ ನಾನು ಹೊರಗೆ ಫುಟ್‌ಪಾತಿನ ಮೇಲೆ ಶತಪಥ ತುಳಿಯುತ್ತಾ ಗಿರಿಜಮ್ಮನಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ವೀರೇಶಪ್ಪ ಎತ್ತಿ, ಪಿಸುದನಿಯಲ್ಲಿ ಹೇಳಿದರು:

“ಮೆಲ್ಲಗ್ ಮಾತಾಡ್ರಿ ಡಾಕ್ಟ್ರೇ. ಅವ್ಳು ನಿದ್ದೆ ಮಾಡ್ತಿದಾಳೆ. ಇನ್ನೊಂದ್ ಸ್ವಲ್ಪ ಹೊತ್ತಿಗೆ ನಾಲ್ಕು ಗಂಟೆ ಪೂರ್ತಿ ಆಗುತ್ತೆ.”

ನಾನು ಫೋನ್ ಇಟ್ಟೆ. ಪರದೆಯಲ್ಲಿ ಮಂಡಕ್ಕಿ ಬಾಗಿಲಿನಿಂದ ಕಾಲು ತೆಗೆದ. ಎರಡು ಸಲ ಮೈಕೊಡವಿಕೊಂಡು, ಅಲ್ಲೇ ಕಾಲೊರೆಸುವ ಚಾಪೆಯ ಮೇಲೆ ಸುರುಳಿ ಸುತ್ತಿ ಮಲಗಿದ.

ಈಗ ಕ್ಲಿನಿಕ್ಕನ್ನು ನನ್ನ ಶಿಷ್ಯೆಗೆ ವಹಿಸಿಕೊಟ್ಟಿದ್ದೇನೆ. ಆದರೂ ನಾಯಿ ಒಂಟಿಯಾಗಿರಲ್ಲ ಡಾಕ್ಟ್ರೇ ಅಂತ ಕೆಂಗೇರಿ, ರಾಜರಾಜೇಶ್ವರಿನಗರದ ಕಡೆಯಿಂದೆಲ್ಲ ಫೋನ್ ಬರುತ್ತಿರುತ್ತದೆ. ಅದು ಊಳಿಡುತ್ತದೆಯೇ, ಕೆರೆಯುತ್ತದೆಯೇ ಅಂತ ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು, ಅದನ್ನು ಬಿಟ್ಟು ನೀವು ಎಲ್ಲಿಗೆ ಹೋಗುತ್ತೀರಿ, ಅಲ್ಲಿ ನಿಮಗೆ ಹೇಗಿರುತ್ತದೆ ಅಂತ. ಕೆಲವರು ರೇಗುತ್ತಾರೆ, ನಾಯಿ ವಿಷಯ ಕೇಳಿದರೆ ನನ್ನ ವಿಷಯ ಯಾಕೆ ಅನ್ನುತ್ತಾರೆ. ಅವರಿಗೆ ಫೋನಿನಲ್ಲೇ ಪಾಠ ಹೇಳಿ ಮುಗಿಸುತ್ತೇನೆ. ಕೆಲವರು ಮಾತು ನಿಲ್ಲಿಸಿಬಿಡುತ್ತಾರೆ. ಅಂಥವರ ವಿಳಾಸ ಕೇಳಿಕೊಂಡು, ಸ್ಕೂಟರ್ ತೆಗೆಯುತ್ತೇನೆ.