ಆ ಸಾಲನ್ನು ನಾನು ತೆಗೆಯಲಿಲ್ಲ

ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತಿನ ನಮ್ಮ ಮನೆಯ ಗರಾಜಿನಲ್ಲಿ ನಾನು ಭರತನಾಟ್ಯ ಹೇಳಿಕೊಡುತ್ತಿದ್ದೆ. ಒಳಗೆ ಮರದ ನೆಲ, ಗೋಡೆ ತುಂಬ ಕನ್ನಡಿ. ಕಾರುಗಳು ಹೊರಗೆ ಬಿಸಿಲಲ್ಲಿ ನಿಲ್ಲುತ್ತಿದ್ದವು. 2020ರಲ್ಲಿ ಕ್ಲಾಸು ಲ್ಯಾಪ್‌ಟಾಪಿಗೆ ಹೋಯಿತು. ಮಕ್ಕಳು ಮತ್ತೆ ಗರಾಜಿಗೆ ಬರತೊಡಗಿದ ವರ್ಷವೇ, ಅಟ್ಟದಿಂದ ಡ್ಯಾನ್ಸ್ ಬಟ್ಟೆಗಳ ಪೆಟ್ಟಿಗೆ ಇಳಿಸಲು ಏಣಿ ಹತ್ತಿದವಳು ಬಿದ್ದೆ. ಬಲಪಾದದ ಕೀಲು ಪುಡಿಯಾಯಿತು. ಪ್ಲೇಟು, ಸ್ಕ್ರೂ ಹಾಕಿ ಕೂಡಿಸಿದರು. ಬರಿಗಾಲಲ್ಲಿ ನೆಲಕ್ಕೆ ತಟ್ಟುವುದನ್ನು ಇನ್ನು ಮರೆತುಬಿಡಿ ಎಂದರು ಸರ್ಜನ್.

ಏಳನೇ ವಯಸ್ಸಿನಿಂದ ನಾನು ಮಾಡಿಕೊಂಡು ಬಂದಿದ್ದೇ ಅದು, ನೆಲಕ್ಕೆ ತಟ್ಟುವುದು.

ಮೊದಲು ಕುರ್ಚಿಯಲ್ಲಿ ಕೂತು ಕೋಲಿನಿಂದ ತಾಳ ಹಾಕುತ್ತ ಪಾಠ ಮಾಡಿದೆ. ಆಮೇಲೆ ಅದೂ ಬೇಡವೆನಿಸಿತು. ಅನ್ನಕ್ಕಿಟ್ಟು ಕುಕ್ಕರ್ ಕೂಗುವುದನ್ನು ಕೇಳುತ್ತ ಕೂತಿರುತ್ತಿದ್ದೆ. ಎದ್ದು ಆರಿಸಬೇಕು ಅನ್ನಿಸುತ್ತಿರಲಿಲ್ಲ. ಕಾಲು ನೋವಿಗೆ ಹೀಗಾಗಿದೆ, ವಾಸಿಯಾದರೆ ಸರಿಹೋಗುತ್ತೆ ಎಂದು ಗಂಡ ಎಲ್ಲರಿಗೂ ಹೇಳುತ್ತಿದ್ದರು. ಕಾಲು ವಾಸಿಯಾಗುತ್ತ ಬಂತು. ನಾನು ಆಗಲಿಲ್ಲ.

ಒಂದು ಮಧ್ಯಾಹ್ನ, ಇನ್ನು ಬದುಕಿರುವುದು ಬೇಡ ಎಂಬ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು. ಗಂಡನಿಗೆ ಫೋನ್ ಮಾಡಿದೆ. ಎಲ್ ಸೆಗುಂಡೋದ ಆಫೀಸಿನಿಂದ ಅವರು ತಕ್ಷಣ ಹೊರಟರು, ಆದರೆ 405 ಹೆದ್ದಾರಿ ಕಾರುಗಳಿಂದ ತುಂಬಿ ನಿಂತಿತ್ತು. ಅವರು ಬರುವವರೆಗೆ ಯಾರ ಜೊತೆಗಾದರೂ ಇರಬೇಕಿತ್ತು. ಡಾಕ್ಟರ್ ಶಾಪಿನ ಗೋಡೆಯ ಮೇಲೆ ನೋಡಿದ್ದ ಸಹಾಯವಾಣಿಗೆ ಕರೆ ಮಾಡಿದೆ. ಒಬ್ಬಳು ಹೆಂಗಸು ಎತ್ತಿದಳು. ಮಾತಾಡುತ್ತ ಮಾತಾಡುತ್ತ ನನಗೇ ಗೊತ್ತಿಲ್ಲದೆ ಕನ್ನಡಕ್ಕೆ ತಿರುಗಿಬಿಟ್ಟಿದ್ದೆ. ಎಚ್ಚರವಾಗಿ ಸಾರಿ ಕೇಳಿದಾಗ, ತನಗೆ ಒಂದು ಮಾತೂ ಅರ್ಥವಾಗಲಿಲ್ಲ, ಆದರೂ ಕೇಳುತ್ತಿದ್ದೇನೆ, ನಿಲ್ಲಿಸಬೇಡಿ ಎಂದಳು. ಡ್ರೈವ್‌ವೇಯಲ್ಲಿ ಕಾರಿನ ಸದ್ದು ಕೇಳುವವರೆಗೂ ಆಕೆ ಫೋನ್ ಇಡಲಿಲ್ಲ.

ಕೆಲವು ದಿನ ಆಸ್ಪತ್ರೆಯಲ್ಲಿದ್ದೆ. ಮಾತ್ರೆ ಶುರುವಾಯಿತು, ವಾರಕ್ಕೊಮ್ಮೆ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೆ. ಮೆಲ್ಲಗೆ ಕ್ಲಾಸು ಮತ್ತೆ ತೆರೆದೆ. ಅಷ್ಟರಲ್ಲಿ ಸುದ್ದಿ ಹೇಗೋ ಹರಡಿತ್ತು. ಟೈಮ್ ಹೊಂದುತ್ತಿಲ್ಲ, ಸಾಕರ್ ಇದೆ ಎಂದು ಮಕ್ಕಳನ್ನು ಬಿಡಿಸುವ ಮೆಸೇಜುಗಳು ಬಂದವು. ಒಬ್ಬ ತಾಯಿ ಮಾತ್ರ ಮನೆಗೇ ಬಂದು ಬಾಗಿಲಲ್ಲಿ ನಿಂತು ಹೇಳಿದರು: "ತಪ್ಪು ತಿಳ್ಕೋಬೇಡಿ ಮಿಸ್. ಮಗು ವಿಷಯ ಅಲ್ವಾ, ಸ್ವಲ್ಪ ಭಯ ಆಗತ್ತೆ."

ನಾನು ಆಯ್ತು ಅಂದೆ. ಬಾಗಿಲು ಹಾಕಿದ ಮೇಲೆ ಮೈಯೆಲ್ಲ ಬಿಸಿಯಾಯಿತು. ಬಿದ್ದಂದಿನಿಂದ ನನಗೆ ಸರಿಯಾಗಿ ಸಿಟ್ಟು ಬಂದಿರಲೇ ಇಲ್ಲ. ಅವತ್ತು ಬಂತು. ಅಳುವುದಕ್ಕಿಂತ ಅದು ಎಷ್ಟೋ ವಾಸಿ ಅನ್ನಿಸಿತು.

ಮಾರನೆಯ ದಿನವೇ ಫಿಸಿಯೋಥೆರಪಿಯವನನ್ನು ಓಡಬಹುದಾ ಎಂದು ಕೇಳಿದೆ. ಒಳ್ಳೆಯ ಶೂ ಹಾಕಿಕೊಂಡು, ಮಣ್ಣಿನ ದಾರಿಯಲ್ಲಿ, ನಿಧಾನವಾಗಿ ಶುರು ಮಾಡಿ ಎಂದ. ಮನೆಯ ಹಿಂದಿನ ಗುಡ್ಡದ ದಾರಿಗೆ ಹೋಗತೊಡಗಿದೆ. ಮೊದಮೊದಲು ಅದನ್ನು ಓಟವೆಂದರೆ ಯಾರೂ ಒಪ್ಪುತ್ತಿರಲಿಲ್ಲ. ನಾಯಿ ಕರೆದುಕೊಂಡು ಬಂದ ಮುದುಕರು ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು. ನೆಲಕ್ಕೆ ಹೊಡೆದೇ ಅಭ್ಯಾಸವಿದ್ದ ಪಾದಕ್ಕೆ ಸದ್ದಿಲ್ಲದೆ ಊರುವುದನ್ನು ಕಲಿಸಬೇಕಾಯಿತು. ವರ್ಷ ಕಳೆಯಿತು. ಅಷ್ಟರಲ್ಲಿ ಆ ಸಹಾಯವಾಣಿಯವರು ಸ್ಯಾನ್ ಡಿಯಾಗೋ ಮ್ಯಾರಥಾನಿನಲ್ಲಿ ತಮಗಾಗಿ ಓಡಿ ಹಣ ಎತ್ತಿಕೊಡುವವರನ್ನು ಹುಡುಕುತ್ತಿದ್ದಾರೆಂದು ಗೊತ್ತಾಯಿತು. ಅರ್ಧ ಓಡಿದರೆ ಸಾಕು ಎಂದ ಫಿಸಿಯೋ. ನಾನು ಪೂರ್ತಿಗೆ ಹೆಸರು ಕೊಟ್ಟೆ.

ಹಣ ಎತ್ತಲು ಪ್ರತಿಯೊಬ್ಬರಿಗೂ ಒಂದು ವೆಬ್‌ಪೇಜ್ ಕೊಟ್ಟಿದ್ದರು. ಯಾಕೆ ಓಡುತ್ತಿದ್ದೀರಿ ಎಂದು ಅಲ್ಲಿ ಬರೆಯಬೇಕು. ಇಂಗ್ಲಿಷಿನಲ್ಲಿ ಬರೆದು, ನನ್ನ ಫೋನ್ ನಂಬರ್ ಹಾಕಿ, ಕೆಳಗೆ ಕನ್ನಡದಲ್ಲೂ ಬರೆದೆ: ನಾನು ಸಾಯಬೇಕೆಂದುಕೊಂಡಿದ್ದೆ, ಇವರು ಫೋನ್ ಎತ್ತಿದರು.

ಗಂಡ ಅದನ್ನು ಓದಿ ಹೇಳಿದರು: "ಓಡು, ಬೇಡ ಅನ್ನಲ್ಲ. ಆ ಒಂದು ಸಾಲು ತೆಗಿ. ಊರಲ್ಲಿ ನಿಮ್ಮ ಅಮ್ಮ ಓದ್ತಾರೆ. ನಾಳೆ ಯಾರು ನಿನ್ನ ಹತ್ರ ಮಕ್ಕಳನ್ನ ಕಳಿಸ್ತಾರೆ?"

"ಕಳಿಸದೆ ಇರೋರು ಆಗಲೇ ನಿಲ್ಲಿಸಿ ಆಯ್ತಲ್ರೀ," ಎಂದೆ. "ಆ ಸಾಲು ತೆಗೆದ್ರೆ ನಾನು ಓಡೋದು ಯಾತಕ್ಕೆ?"

ಅದಾದ ಮೇಲೊಂದು ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಕೈ ಒದ್ದೆಯಿದ್ದದ್ದರಿಂದ ಸ್ಪೀಕರಿಗೆ ಹಾಕಿದೆ. ಮಂಗಳೂರು ಕಡೆಯ ಕನ್ನಡ, ಹೆಂಗಸಿನ ದನಿ. "ನಾನು ಯಾರು ಅಂತ ಕೇಳ್ಬೇಡಿ ಆಯ್ತಾ. ನೀವು ಬರ್ದದ್ದು ಓದಿದೆ. ಆ ಸಹಾಯವಾಣಿಗೆ ಫೋನ್ ಮಾಡಿದ್ರೆ ಪೊಲೀಸ್ ಬರ್ತಾರಾ?"

ಪಕ್ಕದಲ್ಲಿ ಚಾಕುವಿನ ಸದ್ದು ನಿಂತಿತು. ಸ್ಪೀಕರ್ ಆರಿಸಿ, ಫೋನ್ ಕಿವಿಗಿಟ್ಟುಕೊಂಡೆ. ನನ್ನ ವಿಷಯದಲ್ಲಿ ಯಾರೂ ಬರಲಿಲ್ಲ, ಬರೀ ಮಾತಾಡಿದರು ಎಂದೆ. ನಂಬರ್ ಹೇಳಿದೆ. ಆಕೆ ಬರೆದುಕೊಂಡು, ತಿರುಗಿ ಓದಿ ಹೇಳಿದಳು. ಆಮೇಲೆ ಮಾಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಗಂಡ ಉಳಿದ ಹುರುಳಿಕಾಯಿಯನ್ನೆಲ್ಲ ತಾವೇ ಹೆಚ್ಚಿದರು. ಬೆಳಿಗ್ಗೆ ನೋಡಿದರೆ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿಗೆ ನನ್ನ ಪೇಜಿನ ಲಿಂಕನ್ನು ಅವರೇ ಹಾಕಿದ್ದರು, ಆ ಸಾಲಿನ ಸಮೇತ.

ಓಟದ ಹಿಂದಿನ ದಿನ ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚಿನಲ್ಲಿ ಗಂಡನ ಸ್ನೇಹಿತರ ಮನೆಯಲ್ಲಿ ಉಳಿದು, ಬೆಳಗಿನ ಮಂಜಿನಲ್ಲೇ ಹೊರಟೆವು. ಅರ್ಧ ದಾರಿಯವರೆಗೆ ಚೆನ್ನಾಗಿಯೇ ಇದ್ದೆ. ಆಮೇಲೆ ಸ್ಕ್ರೂ ಇರುವ ಜಾಗದಲ್ಲಿ ಕಾಸಿದ ಕಂಬಿ ಇಟ್ಟಂತೆ ಶುರುವಾಯಿತು. ಮೆಡಿಕಲ್ ಟೆಂಟಿನ ಹುಡುಗಿ ಕಾಲು ಒತ್ತಿ ನೋಡಿ, ಹೊಸದಾಗಿ ಮುರಿದಂತಿಲ್ಲ, ಆದರೂ ಇಲ್ಲಿಗೇ ನಿಲ್ಲಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬಿಗಿಯಾಗಿ ಪಟ್ಟಿ ಕಟ್ಟಿಕೊಡಿ ಎಂದು ಕೇಳಿದೆ, ಕಟ್ಟಿದಳು. ಅಲ್ಲಿಂದ ಮುಂದೆ ನಡೆದೆ, ಕುಂಟಿದೆ, ಇಳಿಜಾರಿನಲ್ಲಿ ಓಡಿದೆ. ಬಾಯಲ್ಲಿ ನಾಟ್ಯದ ಅಡವುಗಳ ಸೊಲ್ಲು ಹೇಳಿಕೊಳ್ಳುತ್ತಿದ್ದೆ, ತೈಯ ತೈ, ತೈಯ ತೈ. ಪಕ್ಕದಲ್ಲಿ ಓಡುತ್ತಿದ್ದವನು ಕಿವಿಯಿಂದ ಇಯರ್‌ಫೋನ್ ತೆಗೆದು ನನ್ನನ್ನು ನೋಡಿದ. ನೋಡಿಕೊಳ್ಳಲಿ ಎಂದು ಇನ್ನೂ ಜೋರಾಗಿ ಹೇಳಿದೆ.

ಕೊನೆಯ ಗೆರೆ ದಾಟುವಾಗ ಬಿಸಿಲು ನೆತ್ತಿಗೇರಿತ್ತು, ಬಹಳಷ್ಟು ಜನ ಮನೆಗೆ ಹೋಗಿಯಾಗಿತ್ತು. ಗಂಡ ಬೇಲಿಯಾಚೆ ನಿಂತಿದ್ದರು. ಅವರ ಹೆಗಲಿಗೆ ಒರಗಿ ಶೂ ಬಿಚ್ಚಿದೆ. ಪಾದ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಕ್ಲಾಸು ಬಿಟ್ಟು ಹೋದ ಮಕ್ಕಳು ಯಾರೂ ವಾಪಸ್ ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಆ ಬೇಸಿಗೆಯಲ್ಲಿ ಹೊಸ ಬ್ಯಾಚಿಗೆ ತಂದೆತಾಯಿಯರನ್ನು ಕರೆದೆ. ಫೀಸು, ಸಮಯ ಎಲ್ಲಕ್ಕಿಂತ ಮೊದಲು ನನ್ನ ಕಾಲಿನ ಕಥೆ, ತಲೆಯ ಕಥೆ ಎರಡನ್ನೂ ಹೇಳಿದೆ. ಈಗಲೂ ಮಾತ್ರೆ ತಗೊಳ್ಳುತ್ತೇನೆ ಎಂದೆ. ಒಬ್ಬರು ಫೋನ್ ಬಂದವರಂತೆ ಎದ್ದು ಹೋದರು. ಉಳಿದವರು ಕೂತೇ ಇದ್ದರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ತಂದೆ, ಮಕ್ಕಳು ಯಾವ ಬಣ್ಣದ ಬಟ್ಟೆ ತರಬೇಕು ಎಂದು ಕೇಳಿದರು. ಯಾವುದಾದರೂ ಸರಿ, ಸೊಂಟಕ್ಕೆ ಬಿಗಿಯಾಗಿ ಕಟ್ಟಲು ಒಂದು ದುಪಟ್ಟಾ ಇರಲಿ ಎಂದೆ.